ಡಬ್ಬ ಹಗುರಾದ ವಾರಗಳು

ಊರಾಚೆಯ ಕಸದ ಗುಡ್ಡ ಇನ್ನೂ ಬೆಳೆಯಬಾರದೆಂದು ನಗರಸಭೆಯವರು ಮನೆಮನೆಯ ಕಸದ ಡಬ್ಬಕ್ಕೂ ಒಂದೊಂದು ಚಿಪ್ ಕೂರಿಸಿದರು. ವಾರಕ್ಕೊಮ್ಮೆ ಲಾರಿ ಬಂದು ಡಬ್ಬ ಎತ್ತಿದೊಡನೆ ಅದು ಯಾರ ಮನೆಯದು, ತೂಕವೆಷ್ಟು ಎಂಬುದು ಯಂತ್ರಕ್ಕೆ ಗೊತ್ತಾಗುತ್ತಿತ್ತು. ಮಿತಿಯೊಳಗಿದ್ದರೆ ಹಸಿರು ದೀಪ. ಮೀರಿದರೆ ಕೆಂಪು ದೀಪ, ಜೊತೆಗೆ ಬೀದಿಗೆಲ್ಲ ಕೇಳುವಂಥ ಕೀರಲು ಸದ್ದು.

ಫೋಟೊ ಸ್ಟುಡಿಯೋದವನ ಮನೆಯ ಡಬ್ಬ ವಾರವಾರವೂ ಕಿರುಚುತ್ತಿತ್ತು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದ ಅವನ ತಾಯಿಗೆ ಡೈಪರ್ ಹಾಕಲೇಬೇಕಿತ್ತು. ಒದ್ದೆಯಾದ ಡೈಪರು ಎಷ್ಟು ಭಾರವೆಂದು ಎತ್ತಿದವರಿಗೇ ಗೊತ್ತು. ಅವನು ಎತ್ತಿದವನಲ್ಲ, ಆ ಕೆಲಸವೆಲ್ಲ ಹೆಂಡತಿಯದು. ಮುಖ ಗಂಟಿಕ್ಕಿಕೊಂಡು ಬಂದವರನ್ನೂ ನಗಿಸಿ ಫೋಟೊ ತೆಗೆಯುವುದರಲ್ಲಿ ಅವನು ಗಟ್ಟಿಗ.

ಒಂದು ಬೆಳಿಗ್ಗೆ ದೀಪ ಕೆಂಪಾದಾಗ ಎದುರುಮನೆಯ ದರ್ಜಿ ಕೂಗಿದ: “ಏನಯ್ಯಾ, ಒಳಗೆ ಕದ್ದುಮುಚ್ಚಿ ಹೋಟೆಲ್ ಇಟ್ಟಿದ್ದೀಯಾ?”

ಡಬ್ಬ ಹೊರಗಿಡಲು ಬಂದಿದ್ದ ನಾಲ್ಕಾರು ಜನ ನಕ್ಕರು. ಸ್ಟುಡಿಯೋದವನ ಮುಖ ಸಣ್ಣದಾಯಿತು. ಸುಮ್ಮನಿದ್ದರೆ ಸೋತಂತೆ ಎನಿಸಿತು.

“ಹೋಟೆಲ್ಲೂ ಇಲ್ಲ, ಗೀಟೆಲ್ಲೂ ಇಲ್ಲ! ನಮ್ಮಮ್ಮ ಈಗ ಕೈಗೂಸು ಕಣಯ್ಯಾ. ಒಂದು ಲೋಟ ನೀರು ಕುಡಿದ್ರೆ ಒಂದು ಕೊಡ ವಾಪಸ್ ಕೊಡ್ತಾಳೆ. ಚಿಪ್ಪನ್ನ ಡಬ್ಬಕ್ಕಲ್ಲ, ಅವಳಿಗೇ ಹಾಕ್ಬೇಕಿತ್ತು!”

ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನೂ ನಕ್ಕ. ತಾಯಿ ಮಲಗಿದ್ದ ಕೋಣೆಯ ಕಿಟಕಿ ತೆರೆದೇ ಇತ್ತೆಂಬುದು ಅವನಿಗೆ ಹೊಳೆಯಲಿಲ್ಲ.

ಮುಂದಿನ ವಾರ ದೀಪ ಹಸಿರಾಯಿತು. ಅದರ ಮುಂದಿನ ವಾರವೂ. “ನೋಡಿದ್ಯಾ?” ಎಂದು ದರ್ಜಿಗೆ ಹುಬ್ಬು ಹಾರಿಸಿದ. ಹೆಂಡತಿ ಮಾತ್ರ, “ಅತ್ತೆ ಏನು ಕೊಟ್ರೂ ಬೇಡ ಅಂತಾರೆ ರೀ. ಚಹಾನೂ ಮುಟ್ತಿಲ್ಲ, ಮಾತ್ರೆ ಜೊತೆ ಎರಡು ಗುಟುಕು ನೀರು ಅಷ್ಟೇ,” ಎಂದಳು.

“ವಯಸ್ಸಾಯ್ತಲ್ಲ, ಬಾಯಿ ಕೆಟ್ಟಿರತ್ತೆ ಬಿಡು,” ಎಂದು ಅವನು ಸ್ಟುಡಿಯೋಗೆ ಹೊರಟ.

ಒಂದು ಮಧ್ಯಾಹ್ನ ತಾಯಿಯ ಮಾತು ತೊದಲಿತು. ಸೊಸೆಯ ಗುರುತೇ ಹತ್ತಲಿಲ್ಲ. ಆಸ್ಪತ್ರೆಗೆ ಕರೆದೊಯ್ದರು. ಮೈಯಲ್ಲಿ ನೀರಿನಂಶವೇ ಉಳಿದಿಲ್ಲವೆಂದು ಡಾಕ್ಟರು ಡ್ರಿಪ್ ಹಾಕಿಸಿದರು. ಸಂಜೆಯ ಹೊತ್ತಿಗೆ ಅವಳಿಗೆ ತಿಳಿವು ಬಂತು. ಔಷಧಿ ತರಲು ಹೋಗಿದ್ದ ಅವನು ಹಿಂದಿರುಗಿದಾಗ ಪರದೆಯ ಆಚೆ ನರ್ಸ್ ಕೇಳುತ್ತಿದ್ದಳು: “ನೀರು ಯಾಕೆ ಕುಡಿಯಲ್ಲ ಅಜ್ಜಿ? ಮನೇಲಿ ಕೊಡಲ್ವಾ?”

“ಅಯ್ಯೋ, ಹಾಗನ್ಬೇಡಮ್ಮ. ಸೊಸೆ ಬಂಗಾರದಂಥೋಳು. ನಾನೇ ಕುಡಿಯಲ್ಲ. ಕುಡಿದ್ರೆ ಡಬ್ಬ ತೂಕ ಬರತ್ತೆ. ನಾಲ್ಕು ಜನರೆದುರು ನನ್ ಮಗ ತಲೆ ತಗ್ಗಿಸ್ಬೇಕಾಗತ್ತೆ. ಪಾಪ, ಏನಾದ್ರೂ ತಮಾಷೆ ಮಾಡಿ ತಪ್ಪಿಸ್ಕೋತಾನೆ.”

ಅವನು ಪರದೆ ಸರಿಸಲಾರದೆ ಹೋದ. ಔಷಧಿಯ ಪೊಟ್ಟಣವನ್ನು ಹೆಂಡತಿಯ ಕೈಗಿಟ್ಟು, ಮೆಟ್ಟಿಲ ಮೇಲೆ ಹೋಗಿ ಕೂತ. ಅಲ್ಲಿ ಹತ್ತಿಳಿಯುವವರಿಗೆಲ್ಲ ತನ್ನ ಆ ಮಾತು ಗೊತ್ತಿರುವಂತೆ ಎನಿಸಿ ತಲೆಯೆತ್ತಲಿಲ್ಲ.

ಮರುದಿನ ನಗರಸಭೆಗೆ ಹೋದ. “ಹಾಸಿಗೆ ಹಿಡಿದೋರಿರೋ ಮನೆಗೆ ಬೇರೆ ಚೀಲ ಕೊಡ್ತೀವಲ್ರೀ. ಅದನ್ನ ತೂಕಕ್ಕೆ ಹಿಡಿಯಲ್ಲ. ಬಂದು ಒಂದು ಮಾತು ಕೇಳಬಾರದಿತ್ತಾ?” ಎಂದ ಗುಮಾಸ್ತ.

ಕೇಳುವುದಕ್ಕೆ ಅವನಿಗೆ ನಾಚಿಕೆಯಾಗಿತ್ತು. ಬೀದಿಯಲ್ಲಿ ತಾಯಿಯನ್ನು ನಗೆಪಾಟಲು ಮಾಡುವುದಕ್ಕೆ ನಾಚಿಕೆಯಾಗಿರಲಿಲ್ಲ.

ತಾಯಿ ಮನೆಗೆ ಬಂದ ಮೇಲೆ, ಲಾರಿ ಬರುವ ದಿನ ಡೈಪರಿನ ಚೀಲವನ್ನು ತಾನೇ ಹೊತ್ತು ತಂದ. ಕೈ ಜಗ್ಗುವಷ್ಟು ಭಾರವಿತ್ತು.

“ಏನಪ್ಪಾ, ಕೈಗೂಸಿನ ಸರಕಾ?” ಎಂದ ದರ್ಜಿ.

“ಅವತ್ತು ನಾನು ಹಾಗನ್ಬಾರದಿತ್ತು,” ಎಂದ ಅವನು, ಎಲ್ಲರಿಗೂ ಕೇಳುವಂತೆ. “ಅಮ್ಮ ಕೇಳಿಸ್ಕೊಂಡು ನೀರು ಕುಡಿಯೋದನ್ನೇ ಬಿಟ್ಬಿಟ್ಲು. ಆಸ್ಪತ್ರೆಗೆ ಸೇರಿಸ್ಬೇಕಾಯ್ತು.”

ಯಾರೂ ನಗಲಿಲ್ಲ. ದರ್ಜಿ ಕತ್ತಿನಲ್ಲಿದ್ದ ಟೇಪನ್ನು ಸರಿಪಡಿಸಿಕೊಂಡು ಒಳಗೆ ಹೋದ.

ಆ ಸಂಜೆ ಅವನು ನೀರಿನ ಲೋಟ ಹಿಡಿದು ತಾಯಿಯ ಪಕ್ಕದಲ್ಲಿ ಕೂತ. “ಅಮ್ಮಾ, ಅವತ್ತು ಬೀದೀಲಿ ನಾನು…”

“ಯಾವತ್ತು?” ಅವಳು ಗೋಡೆಯ ಕಡೆ ನೋಡುತ್ತಿದ್ದಳು. “ನಂಗೆ ಕಿವಿ ಎಲ್ಲಿ ಸರಿಯಾಗಿ ಕೇಳತ್ತಪ್ಪ. ಏನಾದ್ರೂ ಅಂದಿದ್ಯಾ?”

“ಅಂದಿದ್ದೆ.”

ಅವಳು ಲೋಟಕ್ಕೆ ಕೈಚಾಚಿದಳು. ಅರ್ಧ ಕುಡಿದು ಸಾಕೆಂದಳು. ಇನ್ನೊಂದು ಗುಟುಕು ಎಂದು ಒತ್ತಾಯ ಮಾಡಲು ಅವನಿಗೆ ಬಾಯಿ ಬರಲಿಲ್ಲ.