ಸೇವಂತಿಗೆ ಒತ್ತಿದ ಉತ್ತರ

ಮೈಸೂರಿನ ರಾಜೀವನಗರದ ಆ ಸಣ್ಣ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದ ದಿನವೇ ಒಂದನೇ ಕ್ಲಾಸಿನ ವಾಣಿ ಮಿಸ್ಸಿಗೆ ತನ್ನ ಕುರ್ಚಿ ಅಲ್ಲಾಡಿದ್ದು ಗೊತ್ತಾಯಿತು. ಅಲ್ಲಾಡಿಸಿದವಳೂ ತಾನೇ ಎಂಬುದು ಇನ್ನಷ್ಟು ಹೊಟ್ಟೆ ಉರಿಸುವ ಸಂಗತಿ.

ಮಕ್ಕಳಿಗೆ ಅಕ್ಷರ ಕಲಿಸುವ ಒಂದು ವೆಬ್‌ಸೈಟನ್ನು ಅವಳು ತನ್ನ ಮೊಬೈಲಿನಲ್ಲಿ ಹುಡುಕಿ ಇಟ್ಟುಕೊಂಡಿದ್ದಳು. ಪರದೆ ತುಂಬ ಮಾವಿನ ಮರ, ಮರದ ತುಂಬ ತೂಗಾಡುವ ಹಣ್ಣು, ಹಣ್ಣಿಗೊಂದು ಅಕ್ಷರ. ಕೊಂಬೆಯ ಮೇಲೊಂದು ಗಿಣಿ ಕೂತು ‘ಅ ಎಲ್ಲಿದೆ ಪುಟ್ಟಾ?’ ಎಂದು ಕೇಳುತ್ತದೆ. ಸರಿಯಾದ ಹಣ್ಣು ಮುಟ್ಟಿದರೆ ‘ಶಭಾಷ್!’ ಎಂದು ರೆಕ್ಕೆ ಬಡಿಯುತ್ತದೆ. ತಪ್ಪು ಹಣ್ಣು ಮುಟ್ಟಿದರೆ ‘ಇನ್ನೇನು ಬಂದೇ ಬಿಡ್ತು!’ ಎನ್ನುತ್ತದೆ. ತಪ್ಪು ಎನ್ನುವ ಮಾತು ಆ ಗಿಣಿಯ ಬಾಯಲ್ಲಿ ಬರುವುದೇ ಇಲ್ಲ, ಮಕ್ಕಳ ಮನಸ್ಸು ನೋಯಬಾರದಲ್ಲ. ವಾಣಿ ಅದನ್ನು ಐದು ನಿಮಿಷ ತೋರಿಸಿ, ಮೊಬೈಲು ಒಳಗಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಾವಿನಹಣ್ಣು ಬರೆಸಿ ಒಳಗೆ ಅಕ್ಷರ ತಿದ್ದಿಸುತ್ತಿದ್ದಳು. ಮಕ್ಕಳು ಮೈಕೈಯೆಲ್ಲ ಸುಣ್ಣ ಮಾಡಿಕೊಂಡು ಕಲಿಯುತ್ತಿದ್ದವು.

ಇದನ್ನು ಕಿಟಕಿಯಲ್ಲಿ ನಿಂತು ನೋಡಿದವರು ಶಾಲೆಯ ಯಜಮಾನರು ಯೋಗೇಂದ್ರ. ಶಾಲೆಗೆ ಮುಂಚೆ ಅವರದು ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ. ಜನ ಯಾವುದಕ್ಕೆ ಬಾಯಿ ಬಿಡುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತು. ನೆಲದ ಮೇಲಿನ ಸುಣ್ಣ ಅವರ ಕಣ್ಣಿಗೆ ಬೀಳಲಿಲ್ಲ, ಗಿಣಿ ಬಿತ್ತು. ತಿಂಗಳು ತುಂಬುವುದರೊಳಗೆ ಗೋಡೆಯಗಲದ ಬೋರ್ಡ್ ತಂದು ನಿಲ್ಲಿಸಿ, ‘ಗೋಕುಲಂನಲ್ಲಿ ಯೋಗ ಕಲಿಯೋಕೆ ಬರೋ ಫಾರಿನ್ನೋರ ಮಕ್ಳೂ ಇಂಥದ್ದನ್ನೇ ನೋಡೋದು ಕಣ್ರೀ’ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಆಮೇಲೆ ವಾಣಿಯನ್ನು ಕರೆದರು.

‘ನೋಡಮ್ಮ, ವಿಜಯದಶಮಿಗೆ ಅಕ್ಷರಾಭ್ಯಾಸ ಇಟ್ಕೊಂಡಿದೀನಿ. ಅಕ್ಕಿ ತಟ್ಟೆ ಗಿಟ್ಟೆ ಏನೂ ಬೇಡ, ಬೋರ್ಡಲ್ಲೇ. ಅದು ಚೆನ್ನಾಗಿ ನಡೆದ್ರೆ ಒಂದು, ಎರಡು ಎರಡೂ ಕ್ಲಾಸು ಸೇರಿಸ್ಬುಡೋಣ. ಪಾಠ ಗಿಣಿ ಮಾಡುತ್ತೆ. ಮಕ್ಳು ಎದ್ದು ಓಡದ ಹಾಗೆ ನೋಡ್ಕೊಳೋಕೆ ಒಬ್ರು ಮಿಸ್ಸು ಸಾಕು.’

ಆ ಒಬ್ಬರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಎರಡನೇ ಕ್ಲಾಸಿನ ಮಂಜುಶ್ರೀ ಮಿಸ್ಸು ಅವರ ನಾದಿನಿ.

ಆಯುಧಪೂಜೆಯ ದಿನ ಶಾಲೆಯ ವ್ಯಾನಿಗೆ ಆದ ಮರ್ಯಾದೆಯೆಲ್ಲ ಬೋರ್ಡಿಗೂ ಆಯಿತು. ಚೌಕಟ್ಟಿಗೆ ವಿಭೂತಿ ಪಟ್ಟೆ, ಕುಂಕುಮ, ಮುಂದೆ ಒಂದು ಬೂದುಗುಂಬಳ. ದೇವರಾಜ ಮಾರ್ಕೆಟ್ಟಿನಿಂದ ತಂದ ಸೇವಂತಿಗೆ ಹಾರವನ್ನು ಯೋಗೇಂದ್ರರೇ ಸ್ಟೂಲು ಹತ್ತಿ ಕಟ್ಟಿದರು. ಹಾರ ಉದ್ದವಾಯಿತು, ತುದಿ ಪರದೆಯ ಮುಂದೆ ಜೋತುಬಿತ್ತು. ಉದ್ದವಿದ್ದಷ್ಟೂ ಭಕ್ತಿ ಎಂದುಕೊಂಡು ಹಾಗೇ ಬಿಟ್ಟರು.

ಮರುದಿನ ಬೆಳಿಗ್ಗೆ ಅಪ್ಪ ಅಮ್ಮ ಅಜ್ಜಿಯರು ಹೊಸ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ತುಂಬಿದರು. ಜಂಬೂಸವಾರಿಗೆ ಜಾಗ ಹಿಡಿಯುವ ಅವಸರ ಎಲ್ಲರಿಗೂ. ಮೊದಲು ನಿಂತವನು ಬೀರಮ್ಮಜ್ಜಿಯ ಮೊಮ್ಮಗ ಸ್ವರೂಪ್. ಸೆಕೆಯೆಂದು ಯಾರೋ ಫ್ಯಾನು ಹಾಕಿದರು.

‘ಅ ಎಲ್ಲಿದೆ ಪುಟ್ಟಾ?’ ಎಂದಿತು ಗಿಣಿ.

ಸ್ವರೂಪನ ಬೆರಳು ಇನ್ನೂ ಬಾಯಲ್ಲೇ ಇತ್ತು. ಬೋರ್ಡು ‘ಇನ್ನೇನು ಬಂದೇ ಬಿಡ್ತು!’ ಎಂದಿತು.

ವಾಣಿಗೆ ತಕ್ಷಣ ಹೊಳೆಯಿತು. ಈ ಬೋರ್ಡಿಗೆ ಬೆರಳೇ ಆಗಬೇಕೆಂದಿಲ್ಲ, ಪೆನ್ಸಿಲ್ಲು ತಾಗಿದರೂ ಒತ್ತಿದಂತೆಯೇ. ಗಾಳಿಗೆ ಓಲಾಡುವ ಹಾರದ ತುದಿ ಹಣ್ಣುಗಳನ್ನು ಮುಟ್ಟುತ್ತಿದೆ. ಹೇಳಲೋ ಬೇಡವೋ? ಬೋರ್ಡು ಕೈಕೊಟ್ಟರೆ ತನ್ನ ಕುರ್ಚಿ ಉಳಿಯುತ್ತದೆ. ಅವಳು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಸೇವಂತಿಗೆಗೆ ಕೈಮುಗಿದಳು.

ಸೇವಂತಿಗೆ ಮತ್ತೊಂದು ಸಲ ಓಲಾಡಿತು. ‘ಅ’ ಹಣ್ಣು ತೂಗುತ್ತ ತಾನಾಗಿ ಅದರ ಕೆಳಗೇ ಬಂತು.

‘ಶಭಾಷ್!’ ಗಿಣಿ ರೆಕ್ಕೆ ಬಡಿಯಿತು. ಪರದೆಯಲ್ಲಿ ಪಟಾಕಿ ಹಾರಿತು, ಬಣ್ಣದ ಕಾಗದ ಸುರಿಯಿತು.

‘ಅಯ್ಯೋ ನನ್ನಪ್ಪ!’ ಬೀರಮ್ಮ ಎರಡೂ ಕೈಯಲ್ಲಿ ದೃಷ್ಟಿ ತೆಗೆದರು. ‘ನಮ್ಮುಡುಗ ಬಾಯಿಂದ ಬೆರಳು ತೆಗೆಯೋದ್ರೊಳಗೆ ಬಂದ್ಬುಡ್ತಲ್ಲೋ!’

‘ಆ’ ಬಂತು. ‘ಇ’ ಬಂತು. ಮಕ್ಕಳು ಒಬ್ಬೊಬ್ಬರಾಗಿ ಬೋರ್ಡಿನ ಮುಂದೆ ನಿಂತು ಮೂಗು ಒರೆಸಿಕೊಂಡು ಪಾಸಾಗುತ್ತ ಹೋದರು. ಕೊನೆಗೆ ವಾಣಿಗೆ ತಡೆಯಲಾಗಲಿಲ್ಲ.

‘ಸರ್, ಮಕ್ಳು ಮುಟ್ತಾನೇ ಇಲ್ಲ. ಹೂವು ಒತ್ತುತ್ತಾ ಇದೆ. ಹಾರ ತೆಗೆದ್ಬಿಡಿ.’

‘ಸುಮ್ನಿರವ್ವ, ಒಳ್ಳೇ ದಿವ್ಸ’ ಎಂದು ಬೀರಮ್ಮ ಗದರಿಸಿದರು. ‘ಪೂಜೆ ಹೂವು ತೆಗೀ ಅಂತೀಯಲ್ಲ!’

‘ಹೂವಾದ್ರೇನು ಮಿಸ್?’ ಆಟೋ ಓಡಿಸುವ ಚೆಲುವಯ್ಯ ಮಗಳನ್ನು ಹೆಗಲಿಂದ ಇಳಿಸುತ್ತ ನಕ್ಕರು. ‘ಉತ್ತರ ಸರಿಯಾಗೈತಲ್ಲ.’

ಮಕ್ಕಳೆಲ್ಲ ಶಾಲೆಗೆ ಸೇರಿದರು. ಎಲ್ಲರೂ ಆನೆ ನೋಡಲು ಓಡಿದ ಮೇಲೆ ಯೋಗೇಂದ್ರ ಪ್ರಸಾದದ ಬಾಳೆಹಣ್ಣು ಸುಲಿಯುತ್ತ, ‘ದಸರಾ ರಜೆ ಕಳೆದ ಮೇಲೆ ನೀವು ಬರೋದು ಬೇಡಮ್ಮ’ ಎಂದರು. ವಾಣಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಳು. ಗಿಣಿ ಇನ್ನೂ ಯಾರಿಗೋ ಶಭಾಷ್ ಹೇಳುತ್ತಲೇ ಇತ್ತು.

ರಜೆ ಮುಗಿಯುವಷ್ಟರಲ್ಲಿ ಹಾರ ಒಣಗಿ ಉದುರಿತ್ತು. ಶಾಲೆ ತೆರೆದ ದಿನ ಸ್ವರೂಪ್ ಬೋರ್ಡಿನ ಮುಂದೆ ನಿಂತ. ಗಿಣಿ ಕೇಳಿತು. ಯಾರೂ ಏನೂ ಒತ್ತಲಿಲ್ಲ. ಕಿಟಕಿಯಾಚೆ ನಿಂತಿದ್ದ ಬೀರಮ್ಮನ ಮುಖ ಗಂಟಾಯಿತು.

‘ಅವತ್ತು ತಾನಾಗೇ ಉತ್ರ ಬರ್ತಿತ್ತು, ಈಗೇನಾಯ್ತು ಸಾ? ಮಕ್ಳು ಸೇರೋವರ್ಗೂ ಒಂದು, ಆಮೇಲೊಂದಾ?’

ಮಂಜುಶ್ರೀ ಹೊಸ ಹಾರ ತಂದು ಕಟ್ಟಿದಳು. ಗಿಡ್ಡವಾಯಿತು. ಇನ್ನೊಂದು ಕಟ್ಟಿದಳು, ತೀರಾ ಒಳಕ್ಕೆ ಅಂಟಿಕೊಂಡು ಒಂದೇ ಹಣ್ಣನ್ನು ಒತ್ತುತ್ತಲೇ ಉಳಿಯಿತು. ಗಿಣಿ ‘ಇನ್ನೇನು ಬಂದೇ ಬಿಡ್ತು, ಬಂದೇ ಬಿಡ್ತು’ ಎಂದು ಮಧ್ಯಾಹ್ನದ ತನಕ ಅರಚಿತು. ಯೋಗೇಂದ್ರ ಸ್ಟಾಫ್ ರೂಮಿಗೆ ಓಡಿಬಂದರು. ಅಲ್ಲಿ ಬಿಟ್ಟುಹೋಗಿದ್ದ ಸಾಮಾನು ಒಯ್ಯಲು ಬಂದಿದ್ದ ವಾಣಿ ತನ್ನ ಡಬ್ಬಿ, ಛತ್ರಿ ಜೋಡಿಸಿಕೊಳ್ಳುತ್ತಿದ್ದಳು.

‘ವಾಣಿಯವ್ರೇ, ಅವತ್ತು ಹೂವು ಅಂತ ಏನೋ ಅಂದ್ರಲ್ಲ?’

ವಾಣಿ ಛತ್ರಿ ಕೆಳಗಿಟ್ಟಳು. ಸ್ಟೂಲು ಹತ್ತಿ ಹಾರ ಕಟ್ಟಿ, ತುದಿಯನ್ನು ಬೇಕಾದಷ್ಟೇ ಇಳಿಬಿಟ್ಟು ಫ್ಯಾನು ಹಾಕಿದಳು. ‘ಶಭಾಷ್!’ ಎಂದಿತು ಗಿಣಿ. ಅವಳ ಕೆಲಸ ಉಳಿಯಿತು. ಈಗ ದಿನಾ ಬೆಳಿಗ್ಗೆ ಹಾರ ಕಟ್ಟುವುದು ಅವಳದೇ ಜವಾಬ್ದಾರಿ. ಮಕ್ಕಳ ಬಾಯಲ್ಲಿ ಅವಳು ಹೂವಿನ ಮಿಸ್ಸು.

ಕಳೆದ ವಾರ ಕರೆಂಟು ಹೋಗಿತ್ತು. ಒಳ್ಳೆಯ ಗಳಿಗೆಯೆಂದು ವಾಣಿ ಬಾಗಿಲು ಹಾಕಿ, ಬಹಳ ದಿನಗಳ ಮೇಲೆ ನೆಲದಲ್ಲಿ ಸೀಮೆಸುಣ್ಣದಿಂದ ಹಣ್ಣು ಬರೆದು, ಒಳಗೆಲ್ಲ ಅಕ್ಷರ ತುಂಬಿದಳು.

‘ಎಲ್ಲಿ ಸ್ವರೂಪ್, ಅ ತೋರಿಸು.’

ಸ್ವರೂಪ್ ಹಣ್ಣುಗಳನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ಎದ್ದು ಗೋಡೆಯ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಫ್ಯಾನಿನ ಸ್ವಿಚ್ಚು ಒತ್ತಿದ.