ಕತ್ತರಿ, ೧೯೭೪

ಟಕ್.

ಪಕ್ಕದ ಕೋಣೆಯಲ್ಲಿ ಚಿಕ್ಕಮ್ಮ ಹಲ್ಲಿನಿಂದ ದಾರ ಕಡಿದ ಸದ್ದು ಕೇಳಿದಾಗ ರಾತ್ರಿ ಹನ್ನೊಂದೂವರೆ. ಅದೇ ಹೊತ್ತಿಗೆ, ತನ್ನ ಪಿಎಚ್.ಡಿ. ಪ್ರಬಂಧವನ್ನು ಕೊನೆಯ ಸಲ ಓದುತ್ತಿದ್ದ ಅವಳ ಬೆರಳು ಮೂರನೆಯ ಅಧ್ಯಾಯದ ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. 'ಮನೆಯಲ್ಲಿ ಹೊಲಿಯುವ ಹೆಂಗಸರು ಹೊತ್ತನ್ನು ಗಂಟೆಗಳಲ್ಲಿ ಅಳೆಯುವುದಿಲ್ಲ, ದಾರದ ರೀಲುಗಳಲ್ಲಿ ಅಳೆಯುತ್ತಾರೆ (ಕತ್ತರಿ, ೧೯೭೪).'

ಕೊನೆಯ ಗ್ರಂಥಸೂಚಿಯಲ್ಲಿ ಕತ್ತರಿ ಎಂಬ ಲೇಖಕರು ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಎಲ್ಲರ ಮಾತನ್ನೂ ಅರ್ಧಕ್ಕೇ ಕತ್ತರಿಸುವ ಚಿಕ್ಕಮ್ಮನಿಗೆ ಮನೆಮಂದಿ ಇಟ್ಟ ಹೆಸರು ಅದು. ೧೯೭೪ ಚಿಕ್ಕಮ್ಮ ಹುಟ್ಟಿದ ವರ್ಷ. ಆ ಮಾತು ಅವಳದೇ. ಅಚ್ಚಾದ ಪುಸ್ತಕವೊಂದು ಸಿಗುವವರೆಗೆ ಜಾಗ ಹಿಡಿದಿರಲಿ ಎಂದು, ಬಸ್ಸಿನ ಸೀಟಿಗೆ ಕರ್ಚೀಫು ಹಾಕುವ ಹಾಗೆ ಬರೆದಿಟ್ಟದ್ದು ಎರಡು ವರ್ಷದಲ್ಲಿ ಮರೆತೇಹೋಗಿತ್ತು.

ಪಕ್ಕದ ಅಂಚಿನಲ್ಲಿ ಅವಳ ಮಾರ್ಗದರ್ಶಕಿಯ ಕೆಂಪು ಶಾಯಿ ನಗುತ್ತಿತ್ತು: 'ಉತ್ತಮ ಆಕರ!' ನಾಳೆ ಬೆಳಿಗ್ಗೆ ಮೇಡಂ ಸಹಿ ಹಾಕಿದರೆ ಪ್ರಬಂಧ ಬೈಂಡಿಂಗಿಗೆ. ಕಣ್ಣಾರೆ ನೋಡದ ಪುಸ್ತಕವನ್ನು ಹೆಸರಿಸಿದ್ದ ಒಬ್ಬ ವಿದ್ಯಾರ್ಥಿಯನ್ನು ಅವರು ಸಹಿ ಹಾಕದೆ ಇಡೀ ವರ್ಷ ಹಿಂದಕ್ಕೆ ಅಟ್ಟಿದ್ದರು.

"ಚಿಕ್ಕಮ್ಮಾ, ನಿನ್ನ ದಾರದ ರೀಲಿನ ಮಾತು ನೀನು ಬರೆದ ಪುಸ್ತಕದ್ದು ಅಂತ ನನ್ನ ಪ್ರಬಂಧದಲ್ಲಿ ಬಿದ್ದುಬಿಟ್ಟಿದೆ."

"ನಾನು ಬರೆಯೋದು ಅಳತೆ ಚೀಟಿ ಕಣೇ. ಎದೆ ಮೂವತ್ತಾರು, ತೋಳು ಹದಿನೆಂಟು. ಅದನ್ನೂ ಓದಿದ್ರಾ ನಿಮ್ಮ ಮೇಡಂ?"

"ತಮಾಷೆ ಬೇಡ. ಸಾಲೇ ತೆಗೆದುಹಾಕಿಬಿಡ್ಲಾ?"

"ಯಾಕೆ, ಮಾತು ಸುಳ್ಳಾ? ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲೀಬೇಕು. ಮೇಲೆ ಲೇಸಿಟ್ಟು ಮುಚ್ಚಿದ್ರೆ ಮೊದಲ ಒಗೆತಕ್ಕೇ ಬಾಯಿ ಬಿಡುತ್ತೆ. ಹೋಗಿ ಹೇಳಿಬಿಡು, ಈಗ ಮಲಕ್ಕೋ."

ಬೆಳಿಗ್ಗೆ ಮೇಡಂ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಹಾಳೆಗಳು ಹಾರದಂತೆ ನಾಲ್ಕು ಮೂಲೆಗೂ ಸ್ಟೇಪ್ಲರು, ಲೋಟ, ಕನ್ನಡಕದ ಡಬ್ಬಿ, ಬೀಗ ಇಟ್ಟಿದ್ದರು. ಆ ಹಾಳೆಗಳು ಅವರದೇ ಹೊಸ ಲೇಖನದ ಕರಡು. ಅವಳು ಬಾಯಿ ತೆರೆಯುವ ಮೊದಲೇ ಅವರು ತಲೆಯೆತ್ತಿದರು.

"ಬಾ, ಬಾ. ಆ ಕತ್ತರಿಯ ಪುಸ್ತಕ ನಿನ್ನ ಹತ್ರ ಇದ್ಯಾ? ಮೂರು ಲೈಬ್ರರಿ ಜಾಲಾಡಿದೆ, ಸಿಗ್ಲೇ ಇಲ್ಲ. ನಿನ್ನ ನಂಬಿ ನನ್ನ ಲೇಖನಕ್ಕೂ ಹಾಕಿಬಿಟ್ಟೆ."

ಕರಡಿನ ಪುಟದ ಕೆಳತುದಿಯಲ್ಲಿ, ಬೀಗದ ಪಕ್ಕದಲ್ಲೇ, ಪೆನ್ಸಿಲಿನಲ್ಲಿ ಬರೆದಿತ್ತು: ಕತ್ತರಿ, ೧೯೭೪. ಮುಂದೆ ಇನ್ನೂ ಸಣ್ಣದಾಗಿ 'ಪುಟ?' ಎಂದಿತ್ತು.

ಅವಳು ಆ ಹೆಸರಿನ ಮೇಲೆ ಬೆರಳಿಟ್ಟಳು. "ಮೇಡಂ, ಕತ್ತರಿ ಅಂದ್ರೆ... ನಮ್ಮ ಚಿಕ್ಕಮ್ಮ."

ಮೇಡಂ ಪೆನ್ಸಿಲು ಎತ್ತಿಕೊಂಡರು.

"ಲೇಖಕಿಯಾ?"

"ಅಲ್ಲ ಮೇಡಂ. ಟೈಲರ್. ಜಾಗ ಹಿಡಿದಿರಲಿ ಅಂತ ಬರೆದಿದ್ದೆ, ತೆಗೆಯೋಕೆ ಮರೆತೆ. ತಪ್ಪು ನಂದೇ."

ಮೇಡಂ ಕನ್ನಡಕ ತೆಗೆದರು. ಬೈಗುಳಕ್ಕೆ ಅವಳು ಭುಜ ಕುಗ್ಗಿಸಿ ನಿಂತಳು. ಆದರೆ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ನಗು ಬೆರಳ ಸಂದಿಯಿಂದ ಸೋರತೊಡಗಿತ್ತು.

"ಅಯ್ಯೋ ದೇವರೇ! ಆ ಪಾಪದವನನ್ನ ವರ್ಷವಿಡೀ ಅಲೆಸಿದವಳು ನಾನು!" ಕಣ್ಣೊರೆಸಿಕೊಂಡು ಅವರು ದನಿ ಗಟ್ಟಿ ಮಾಡಿಕೊಂಡರು. "ಮಾತು ಮಾತ್ರ ಬಂಗಾರದಂಥದ್ದು. ಬಿಡಬೇಡ. ಇವತ್ತೇ ಹೋಗಿ ಚಿಕ್ಕಮ್ಮನನ್ನ ಕೂರಿಸಿಕೊಂಡು ಮತ್ತೆ ಕೇಳು, ಒಪ್ಪಿಗೆ ತಗೋ. ಸಂದರ್ಶನ ಅಂತ ಹಾಕು, ದಿನಾಂಕದ ಸಮೇತ. ಪೂರ್ತಿ ಹೆಸರು ಇರಲಿ, ಅಡ್ಡಹೆಸರಲ್ಲ. ನಾಳೆ ಸಹಿ."

"ನಿಮ್ಮ ಲೇಖನ, ಮೇಡಂ?"

"ಇನ್ನೂ ಪ್ರೆಸ್ಸಿಗೆ ಹೋಗಿಲ್ಲ. ನಡಿ."

ಹೊರಗೆ ಸರದಿಯಲ್ಲಿದ್ದ ಕಿರಿಯ ಸಂಶೋಧಕಿ ತೋಳು ಹಿಡಿದಳು. "ಒಳಗೆ ನಗು ಕೇಳಿಸ್ತಲ್ಲ ಅಕ್ಕಾ! ಮೇಡಮ್ಮೇ ನಕ್ಕಿದ್ದಾ? ಏನಾಯ್ತು ಹೇಳು!"

"ಒಂದು ಆಕರ ಸರಿ ಮಾಡೋಕೆ ಹೇಳಿದ್ರು, ಅಷ್ಟೇ."

ಚಿಕ್ಕಮ್ಮನಿಗೆ ಸಂದರ್ಶನದ ವಿಷಯ ಹೇಳಲೇಬೇಕು. ಮೇಡಂ ಕರಡಿನಲ್ಲೂ ಕತ್ತರಿ ಇದ್ದದ್ದನ್ನು ಮಾತ್ರ ಚಿಕ್ಕಮ್ಮನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಅವಳು ಅಲ್ಲೇ ತೀರ್ಮಾನಿಸಿದಳು. ಅರೆತೆರೆದ ಬಾಗಿಲಿನ ಆಚೆ ಮೇಡಂ ಕರಡಿನ ಮೇಲೆ ಬಾಗಿ ರಬ್ಬರಿನಿಂದ ಏನನ್ನೋ ಉಜ್ಜುತ್ತಿದ್ದರು. ಆಮೇಲೆ ಕೆನ್ನೆ ಉಬ್ಬಿಸಿ, ಉಫ್ ಎಂದು ಪುಡಿ ಊದಿದರು.