ಹೆಸರಿಲ್ಲದ ಟೈರುಗಳು

ಭಾನುವಾರ ಬಂದು ಅಪ್ಪನ ಪೆಟ್ಟಿಗೆ ಬಿಚ್ಚಿ ನೋಡುತ್ತೇನೆ ಎಂದು ಮಗ ಫೋನಿನಲ್ಲಿ ಹೇಳಿದಾಗಿನಿಂದ ತಾಯಿಗೆ ಊಟ ಸೇರಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಯಾರದೋ ಪ್ಯಾಂಟಿನ ಕಾಲನ್ನು ಎರಡೆರಡು ಸಲ ಕತ್ತರಿಸಿ, ಇನ್ನು ಅದನ್ನು ಚಡ್ಡಿ ಮಾಡುವುದೊಂದೇ ದಾರಿ ಎನ್ನುವಲ್ಲಿಗೆ ತಂದಿಟ್ಟಳು. ಎಷ್ಟೋ ವರ್ಷಗಳಿಂದ ಬೈಸಿಕೊಳ್ಳದವಳು ಅವತ್ತು ಯಜಮಾನಿಯಿಂದ ಚೆನ್ನಾಗಿಯೇ ಬೈಸಿಕೊಂಡಳು.

ಮಗನ ಕಸುಬೇ ಅಂಥದ್ದು. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಅಂಗೈಯಗಲದ ಕಾರು ಮಾಡುವ ಕಿಟ್‌ಗಳು ಬರುತ್ತವಲ್ಲ, ಅವುಗಳಲ್ಲಿ ಒರಿಜಿನಲ್ ಯಾವುದು, ಮರುಬಿಡುಗಡೆ ಯಾವುದು ಎಂದು ಹೇಳುವವನು ಅವನು. ಕಂಪನಿಯವರು ಎಷ್ಟೋ ವರ್ಷಗಳ ಮೇಲೆ ಹಳೇ ಅಚ್ಚನ್ನೇ ಗೋದಾಮಿನಿಂದ ತೆಗೆದು, ಅದೇ ಚಿತ್ರದ ಪೆಟ್ಟಿಗೆಯಲ್ಲಿ ಅದೇ ಕಾರನ್ನು ಮತ್ತೆ ಮಾರುತ್ತಾರೆ. ಕಾರಿನ ತಳದಲ್ಲಿ ಹಳೇ ಇಸವಿಯೇ ಇರುತ್ತದೆ, ಏಕೆಂದರೆ ಅದು ಅಚ್ಚಿನಲ್ಲೇ ಕೆತ್ತಿದ್ದು. ಅದನ್ನು ನೋಡಿ ನಿಧಿ ಸಿಕ್ಕಿತೆಂದು ಕುಣಿಯುವವರಿಗೆ ಕಮ್ಮಿ ಇಲ್ಲ. ಹವ್ಯಾಸಿಗಳು ಮಗನಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ತಾನು ಪರೀಕ್ಷೆ ಮಾಡದ ಯಾವುದಕ್ಕೂ ಅವನು ಒರಿಜಿನಲ್ ಎಂದು ಬಾಯಿ ಬಿಡುತ್ತಿರಲಿಲ್ಲ.

ಒಂದೇ ಒಂದನ್ನು ಬಿಟ್ಟು. ಅದು ತಾಯಿಯ ಬೀರುವಿನ ಮೇಲಿತ್ತು, ಅವಳೇ ಹೊಲಿದ ಬಟ್ಟೆಯ ಗವುಸಿನೊಳಗೆ. ಅವನು ಚಿಕ್ಕವನಿದ್ದಾಗ ಅಪ್ಪ ತಂದಿಟ್ಟ ಕಿಟ್ ಅದು. ಅಪ್ಪ ಗಡಿಯಾರ ರಿಪೇರಿಯವನು, ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿಯದೆ ಕೂರಿಸುತ್ತಿದ್ದ ಕೈ. ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಸೇರಿ ಮಾಡೋಣ ಎಂದು ಮಗನಿಗೆ ಹೇಳಿ ಹೋದವನು ಬರಲಿಲ್ಲ. ಆ ಪೆಟ್ಟಿಗೆಯನ್ನು ಮುಟ್ಟಬಾರದು ಎಂಬ ನೇಮವನ್ನು ಮಗ ತಾನೇ ಹಾಕಿಕೊಂಡ. ಈಗ ಅವನ ಸಂಘದವರು ಪ್ರದರ್ಶನ ಇಡುತ್ತಿದ್ದರು. ಅಪ್ಪ ತಂದದ್ದು, ಇವತ್ತಿನವರೆಗೆ ಯಾರೂ ಕೈ ಹಚ್ಚಿಲ್ಲ ಎಂದು ಚೀಟಿ ಬರೆದು ಅದನ್ನು ನಡುವೆ ಇಡುವ ಆಸೆ ಅವನಿಗೆ.

ಕೈ ಹಚ್ಚಿದ್ದರು. ಸ್ವತಃ ಅಪ್ಪನೇ ಹಚ್ಚಿದ್ದ. ಇನ್ನು ಮನೆಗೆ ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಅವಳಿಂದ ಗುಟ್ಟಾಗಿ ಪೆಟ್ಟಿಗೆ ತರಿಸಿಕೊಂಡು, ಮಗನಿಗೆ ಮುಗಿಸಿಯೇ ಕೊಟ್ಟು ಹೋಗುತ್ತೇನೆಂದು ಹಾಸಿಗೆಯ ಮೇಲೇ ಕೂತು ಅಂಟಿಸಿದ. ಔಷಧಿಯ ದೆಸೆಯಿಂದ ಕೈ ನಡುಗುತ್ತಿತ್ತು. ಮುಗಿದ ಕಾರನ್ನು ಬಹಳ ಹೊತ್ತು ನೋಡಿ, ಇದನ್ನು ಎಸೆದುಬಿಡು, ಇದು ನನ್ನ ಕೈಕೆಲಸ ಅಂತ ಅವನಿಗೆ ಗೊತ್ತಾಗಬಾರದು ಎಂದು ಮಾತು ತೆಗೆದುಕೊಂಡ. ಅವಳು ಎಸೆದಳು. ಇನ್ನೊಂದು ಕಿಟ್‌ಗಾಗಿ ಅಂಗಡಿ ಅಂಗಡಿ ಅಲೆದಳು, ಸಿಗಲಿಲ್ಲ. ಖಾಲಿ ಪೆಟ್ಟಿಗೆಗೆ ಮುರಿದ ಗುಂಡಿಗಳನ್ನು ತುಂಬಿ ಗವುಸು ಹೊಲಿದಳು, ಮಗು ಅಲ್ಲಾಡಿಸಿದರೆ ಸದ್ದು ಬರಲಿ ಎಂದು. ಅವನು ಹೈಸ್ಕೂಲಿನಲ್ಲಿದ್ದಾಗ ಅದೇ ಕಾರು ಒಂದು ಅಂಗಡಿಯ ಗಾಜಿನ ಹಿಂದೆ ಕಂಡಿತು. ತಂದು, ತಳದ ಇಸವಿ ನೋಡಿ, ಅದೇ ಎಂದು ಸಮಾಧಾನಪಟ್ಟು, ಗುಂಡಿಗಳನ್ನು ತೆಗೆದು ಇದನ್ನು ತುಂಬಿಟ್ಟಳು. ಪಾಪ, ಮಗನಿಗೆ ಮೋಸ ಮಾಡುವ ಉದ್ದೇಶ ಅವಳಿಗಿರಲಿಲ್ಲ, ಕೊಟ್ಟ ಮಾತು ಉಳಿಸಿಕೊಂಡರೆ ಸಾಕಿತ್ತು. ಆಮೇಲೆ ಮಗ ದೊಡ್ಡವನಾಗಿ ಊಟಕ್ಕೆ ಕೂತಾಗೆಲ್ಲ ಕಿಟ್‌ಗಳ ಮರ್ಮ ವಿವರಿಸತೊಡಗಿದ. ತಳದ ಇಸವಿಯನ್ನು ನಂಬುವ ಪೆದ್ದರ ಬಗ್ಗೆ ಅವನು ನಗುವಾಗ ಅವಳೂ ನಕ್ಕು, ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು.

ಭಾನುವಾರ ಅವನು ಬಂದ. ಕೈ ತೊಳೆದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಗವುಸಿನ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದ. ಹೊಲಿಗೆ ಎರಡು ಸಲ ಬಿದ್ದದ್ದು ಹೊಲಿಯುವವರ ಕಣ್ಣಿಗೆ ತಕ್ಷಣ ಕಾಣುತ್ತದೆ, ಸದ್ಯ ಅವನಿಗೆ ಕಾಣಲಿಲ್ಲ. ರಟ್ಟಿನ ದಪ್ಪ ನೋಡಿದ, ಮುಚ್ಚಳದ ಚಿತ್ರದ ಮೇಲೆ ಭೂತಗನ್ನಡಿ ಇಟ್ಟು ಮುದ್ರಣದ ಬಣ್ಣದ ಚುಕ್ಕೆಗಳನ್ನು ನೋಡಿದ. ಪೆಟ್ಟಿಗೆ ಒರಿಜಿನಲ್ ಎಂದು ಹೇಳುವಾಗ ಅವನ ದನಿ ಒದ್ದೆಯಾಗಿತ್ತು. ಅವಳಿಗೆ ಹೋದ ಜೀವ ಬಂದಂತಾಯಿತು. ಇಷ್ಟು ಸಾಕಲ್ಲ, ಹಾಗೇ ಮುಚ್ಚಿಡು, ಒಳಗೆ ಧೂಳು ಹೋಗುತ್ತದೆ ಎಂದು ಅಂಗಲಾಚಿದಳು. ಅವನು ಮುಚ್ಚಳ ತೆಗೆದೇಬಿಟ್ಟ.

ಚಿಮಟದಲ್ಲಿ ಒಂದು ಟೈರು ಎತ್ತಿ ಹಿಡಿದ. ಒರಿಜಿನಲ್ ಟೈರಿನ ಪಕ್ಕೆಯಲ್ಲಿ ಟೈರು ಕಂಪನಿಯ ಹೆಸರು ಉಬ್ಬಿರುತ್ತದೆ, ಮರುಬಿಡುಗಡೆಯಲ್ಲಿ ಅದನ್ನು ಅಳಿಸಿರುತ್ತಾರೆ. ಇದು ನುಣ್ಣಗಿತ್ತು. ಎರಡನೆಯದೂ ನುಣ್ಣಗಿತ್ತು. ಸವೆದ ಅಚ್ಚಿನಿಂದ ಬಂದ ಬಾಗಿಲಿನ ಅಂಚಿಗೆ ತೆಳ್ಳನೆ ಪ್ಲಾಸ್ಟಿಕ್ ಪೊರೆ ಅಂಟಿತ್ತು. ಅವನು ಭೂತಗನ್ನಡಿ ಕೆಳಗಿಟ್ಟು ತಾಯಿಯ ಕಡೆ ತಿರುಗಿದ.

"ಅಮ್ಮ, ಇದು ಮಾರ್ಕೆಟ್ಟಿಗೆ ಬಂದಿದ್ದು ನಾನು ಹೈಸ್ಕೂಲಲ್ಲಿದ್ದಾಗ. ಅಪ್ಪ ತಂದ ಕಾರು ಎಲ್ಲಿ?"

ಹೇಳಲು ಸುಳ್ಳುಗಳಿಗೇನು ಬರ. ಸೂರು ಸೋರಿ ಹಾಳಾಯಿತು ಎನ್ನಬಹುದಿತ್ತು, ಕಳ್ಳ ಕದ್ದ ಎನ್ನಬಹುದಿತ್ತು. ಸತ್ತವನಿಗೆ ಕೊಟ್ಟ ಮಾತು ಒಂದು ಕಡೆ, ಎದುರಿಗೆ ಕೂತವನ ಮುಖ ಇನ್ನೊಂದು ಕಡೆ. ಅವಳಿಗೆ ಗಂಡನ ಮೇಲೆ ಮೊದಲ ಬಾರಿಗೆ ಸಿಟ್ಟು ಬಂತು, ಇಂಥದ್ದನ್ನು ತನ್ನ ಮೇಲೆ ಹೊರಿಸಿ ಹೋದನಲ್ಲ ಎಂದು. ಆಸ್ಪತ್ರೆಯ ಹಾಸಿಗೆಯಿಂದ ಹಿಡಿದು ಗುಂಡಿಗಳವರೆಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಅತ್ತಳು. ನಿನ್ನಪ್ಪ ಮರ್ಯಾದೆಗೆ ಹೆದರಿದ ಕಣೋ, ನಿನ್ನ ಕಣ್ಣಲ್ಲಿ ಆ ಕೈ ಚೆನ್ನಾಗೇ ಇರಲಿ ಅಂತ, ಎಂದಳು.

ಮಗ ಎದ್ದು ಕಿಟಕಿಯವರೆಗೆ ಹೋದ, ವಾಪಸು ಬಂದ. ಅಪ್ಪ ತನ್ನನ್ನು ಬಿಟ್ಟು ಒಬ್ಬನೇ ಮಾಡಿದನಲ್ಲ ಎಂಬ ನೋವು ಮುಖದಲ್ಲಿ ಮಗುವಿನ ಅಳುವಿನಷ್ಟೇ ಮುಚ್ಚುಮರೆಯಿಲ್ಲದೆ ಕಾಣುತ್ತಿತ್ತು. ಅವಳು ಬೈಗುಳಕ್ಕೆ ಸಿದ್ಧಳಾಗಿ ಕೂತಳು. ಅವನು ಕುರ್ಚಿ ಎಳೆದುಕೊಂಡು ಕೂತು, ತುಂಡುಗಳನ್ನು ಅವು ಅಂಟಿಕೊಂಡೇ ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸತೊಡಗಿದ. ಎಂದೂ ಒಂದು ಕಿಟ್‌ಗೆ ಕತ್ತರಿ ಹಾಕದವನು. ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಅಪ್ಪ ಯಾವುದನ್ನು ಮೊದಲು ಅಂಟಿಸಿದ, ಎಲ್ಲಿ ತಪ್ಪಿದ ಎಂದು ಕೇಳಿದ. ಮುಂದಿನ ಗಾಜಿನ ಮೇಲೆ ಅಂಟಿನ ಹೆಬ್ಬೆಟ್ಟು ಬಿದ್ದು ಮಬ್ಬಾಗಿತ್ತು ಎಂದಳು. ಅವನು ತನ್ನ ಹೆಬ್ಬೆರಳಿಗೆ ಅಂಟು ಹಚ್ಚಿಕೊಂಡು ಅವಳು ತೋರಿಸಿದ ಕಡೆ ಒತ್ತಿದ. ಪ್ರದರ್ಶನದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆಮೇಲೆ ಕಾರಿನ ಬಾಗಿಲು ಎತ್ತಿಕೊಂಡ.

"ಎಡಗಡೇದು," ಎಂದಳು ತಾಯಿ. "ಹಿಂದಿನ ತುದಿ ಕೆಳಕ್ಕೆ ಜಾರಿತ್ತು."

"ಇಷ್ಟಾ?"

"ಇನ್ನೂ ಚೂರು."

ಅವನು ಬಾಗಿಲನ್ನು ಇನ್ನೂ ಚೂರು ಕೆಳಕ್ಕೆ ಸರಿಸಿ, ಅಂಟು ಒಣಗುವವರೆಗೆ ಕೈ ತೆಗೆಯದೆ ಹಾಗೇ ಹಿಡಿದುಕೊಂಡು ಕೂತ.